ಎಂಜಿನ್ನಿಗೆ ಜೇನುಗೂಡು ಕಟ್ಟಿದ ಮೈಬಾಖ್

ಕಾರಿನ ಹುಚ್ಚಿರೋ ಗೆಳೆಯರಿಗೆ ಮೇಬ್ಯಾಕ್ ಅಂದ್ರೆ ಕೋಟಿಗಟ್ಟಲೆ ಬೆಲೆಯ ಐಷಾರಾಮಿ ಕಾರು. ಜರ್ಮನ್ನರ ಬಾಯಲ್ಲಿ ಅದು ಮೈಬಾಖ್, ಒಬ್ಬ ಮನುಷ್ಯನ ಹೆಸರು. ಕ್ಯಾಂಪಸ್ ಪಾರ್ಕಿಂಗಿನಲ್ಲಿ ನಿಂತಿರೋ ಯಾವ ಕಾರಿನ ಬಾನೆಟ್ ಎತ್ತಿದರೂ ಎದುರಿಗೆ ಕಾಣೋ ರೇಡಿಯೇಟರ್ ಇದೆಯಲ್ಲ, ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಸಿಗೋದು ಈ ಮನುಷ್ಯನೇ.

ವಿಲ್ಹೆಲ್ಮ್ ಮೈಬಾಖ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಹೈಲ್‌ಬ್ರಾನ್ ಊರಿನ ಒಬ್ಬ ಬಡಗಿಯ ಮನೆಯಲ್ಲಿ. ಹತ್ತನೇ ವಯಸ್ಸಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ರಾಯಿಟ್ಲಿಂಗನ್‌ನಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕ ನಡೆಸುತ್ತಿದ್ದ ಬ್ರೂಡರ್‌ಹೌಸ್ ಈ ಹುಡುಗನನ್ನು ಸೇರಿಸಿಕೊಂಡಿತು. ಅನಾಥರನ್ನು ಸಾಕುವ ಆ ಸಂಸ್ಥೆಗೆ ತನ್ನದೇ ಯಂತ್ರಶಾಲೆ ಇತ್ತು. ಹುಡುಗ ಅಲ್ಲೇ ಡ್ರಾಯಿಂಗ್ ಕಲಿತ. ಆ ಯಂತ್ರಶಾಲೆಗೆ ಮೇಲ್ವಿಚಾರಕನಾಗಿ ಬಂದವನು ಗಾಟ್‌ಲೀಬ್ ಡೈಮ್ಲರ್, ಇವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಅಲ್ಲಿಂದ ಡೈಮ್ಲರ್ ಸಾಯುವವರೆಗೂ ಇಬ್ಬರದೂ ಒಂದೇ ದಾರಿ. ಡಾಯ್ಟ್ಜ್‌ನಲ್ಲಿ ಆಟೋ ಅವರ ಕಾರ್ಖಾನೆಯಲ್ಲಿ ದುಡಿದರು. ಅದನ್ನು ಬಿಟ್ಟು ಕಾನ್‌ಸ್ಟಾಟ್‌ನ ಡೈಮ್ಲರ್ ಮನೆಯ ತೋಟದಲ್ಲಿ ವರ್ಕ್‌ಶಾಪ್ ಹಾಕಿದರು. ಹಗಲೂ ರಾತ್ರಿ ಅಲ್ಲಿಂದ ಬರೋ ಸದ್ದು ಕೇಳಿ, ಒಳಗೆ ಖೋಟಾ ನಾಣ್ಯ ಮಾಡ್ತಿದ್ದಾರೆ ಅಂತ ಅನುಮಾನ ಬಂದು ಪೊಲೀಸರು ಹುಡುಕಾಡಿದ್ದೂ ಆಯ್ತು. ಸಿಕ್ಕಿದ್ದು ಎಂಜಿನ್ನಿನ ಭಾಗಗಳು ಅಷ್ಟೇ.

ಆ ಕಾಲದ ದೊಡ್ಡ ತಲೆನೋವು ಬಿಸಿ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಹೋಗೋದು ಸಣ್ಣ ಪಾಲು, ಉಳಿದದ್ದರಲ್ಲಿ ಬಹುಪಾಲು ಶಾಖ ಅಂತ ನಾವೆಲ್ಲ ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ಬರೆದು ಪಾಸಾಗಿದ್ದೇವೆ. ಆ ಶಾಖ ಹೊರಗೆ ಹೋಗದಿದ್ದರೆ ಆಯಿಲ್ ತೆಳ್ಳಗಾಗುತ್ತೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ತೀರಾ ತಣ್ಣಗಿದ್ದರೂ ಕಷ್ಟ: ಪೆಟ್ರೋಲ್ ಸರಿಯಾಗಿ ಆವಿಯಾಗದು, ಆಯಿಲ್ ಮಂದವಾಗಿಯೇ ಉಳಿಯುತ್ತೆ. 1886ರ ಬೆಂಝ್ ಗಾಡಿಯಲ್ಲಿ ಉಪಾಯ ಸರಳವಾಗಿತ್ತು. ಸಿಲಿಂಡರಿನ ಸುತ್ತ ನೀರು, ಅದು ಕುದಿದು ಆವಿಯಾಗಿ ಹೋಗಲಿ, ಮತ್ತೆ ಸುರಿದರಾಯ್ತು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,260 ಕಿಲೋಜೂಲ್ ಹೊತ್ತೊಯ್ಯುತ್ತೆ, ನಿಜ. ಆದರೆ ದಾರಿಯುದ್ದಕ್ಕೂ ನೀರು ಹುಡುಕುತ್ತಾ ಹೋಗುವ ಗಾಡಿ ಎಷ್ಟು ವೇಗವಾಗಿ ಓಡೀತು?

ಮೈಬಾಖ್ ಇದನ್ನು ಹಂತಹಂತವಾಗಿ ಬಿಡಿಸಿದ. 1889ರ ಪ್ಯಾರಿಸ್ ಪ್ರದರ್ಶನಕ್ಕೆ ಒಯ್ದ ಉಕ್ಕಿನ ಚಕ್ರದ ಗಾಡಿಯಲ್ಲಿ ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಸಿದ. ಅಂದರೆ ಚಾಸಿಸ್ಸೇ ರೇಡಿಯೇಟರ್! ನಮಗಂತೂ ಇದು ಅವನ ಕೆಲಸದಲ್ಲೆಲ್ಲ ಅತಿ ಚೆಂದದ ತಂತ್ರ ಅನ್ನಿಸುತ್ತೆ. ಆದರೆ ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಅಷ್ಟು ಕೊಳವೆ ಎಲ್ಲಿ ಸಾಕು? 1897ರಲ್ಲಿ ನೀರಿನ ತೊಟ್ಟಿಯ ಮೂಲಕ ಗಾಳಿ ಹಾಯುವ ಸಣ್ಣ ಕೊಳವೆಗಳನ್ನು ತೂರಿಸಿದ. ನಡುವೆ ಕಂಪನಿಯ ಪಾಲುದಾರರ ಜೊತೆ ಜಗಳವಾಗಿ ಹೊರಗೆ ಹೋಗಿದ್ದು, ಆಗಲೇ ಸ್ಪ್ರೇ ಕಾರ್ಬ್ಯುರೇಟರ್ ಮಾಡಿದ್ದು, 1895ರಲ್ಲಿ ಮರಳಿ ಬಂದದ್ದು ಬೇರೆಯೇ ಕಥೆ.

1900ರ ಮಾರ್ಚ್ ಕೆಟ್ಟ ತಿಂಗಳು. 6ರಂದು ಡೈಮ್ಲರ್ ತೀರಿಕೊಂಡ. ತಿಂಗಳ ಕೊನೆಗೆ ಫ್ರಾನ್ಸಿನ ನೀಸ್–ಲಾ ಟರ್ಬಿ ಬೆಟ್ಟದೋಟದಲ್ಲಿ ಕಂಪನಿಯ ಫೀನಿಕ್ಸ್ ಕಾರು ಬಂಡೆಗೆ ಬಡಿದು ಚಾಲಕ ವಿಲ್ಹೆಲ್ಮ್ ಬಾವರ್ ಸತ್ತ. ಕಾರು ಎತ್ತರ, ಗಿಡ್ಡ, ಮುಂದೆ ವಿಪರೀತ ಭಾರ. ಕಂಪನಿಗೆ ರೇಸೇ ಬೇಡ ಅನ್ನಿಸಿತ್ತು. ಬಿಡದವನು ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ. ಕಾರು ತಗ್ಗಾಗಿರಲಿ, ಉದ್ದವಾಗಿರಲಿ, ಹಗುರವಾಗಿರಲಿ, ಶಕ್ತಿ ಮಾತ್ರ ಜಾಸ್ತಿ ಇರಲಿ ಅಂತ ಹಟ ಹಿಡಿದು 36 ಕಾರುಗಳಿಗೆ ಆರ್ಡರ್ ಕೊಟ್ಟ. ಕೆಲಸ ಬಿದ್ದದ್ದು ಮೈಬಾಖ್ ತಲೆ ಮೇಲೆ.

ಶಕ್ತಿ ಹೆಚ್ಚು ಅಂದರೆ ಶಾಖ ಹೆಚ್ಚು. ಹಗುರ ಅಂದರೆ ನೀರು ಕಮ್ಮಿ. ಎರಡೂ ಒಟ್ಟಿಗೆ ಹೇಗೆ? ಮೈಬಾಖ್ ಸುಮಾರು 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸುಗೆ ಹಾಕಿಸಿದ. ಎದುರಿನಿಂದ ನೋಡಿದರೆ ಥೇಟ್ ಜೇನುಗೂಡು. ಕೊಳವೆಯೊಳಗೆ ಗಾಳಿ, ಕೊಳವೆಗಳ ನಡುವಿನ ಕಿರಿದಾದ ಸಂದಿಯಲ್ಲಿ ನೀರು. ನಾವು ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆವು. ಒಂದು ಕೊಳವೆಯ ಸುತ್ತಳತೆ 24 ಮಿಲಿಮೀಟರ್, 8,070ಕ್ಕೆ ಸುಮಾರು 194 ಮೀಟರ್. ಅಷ್ಟೇ ಗಾಳಿ ಹೋಗುವ ಒಂದೇ ದೊಡ್ಡ ಚೌಕ ಕಿಂಡಿ ಇಟ್ಟಿದ್ದರೆ ಸುತ್ತಳತೆ 2.2 ಮೀಟರೂ ಆಗುತ್ತಿರಲಿಲ್ಲ. ಶಾಖ ದಾಟುವ ಮೇಲ್ಮೈ ತೊಂಬತ್ತು ಪಟ್ಟು! ಹೀಗಾಗಿ 18 ಲೀಟರ್ ನೀರು ಬೇಕಿದ್ದಲ್ಲಿ 9 ಲೀಟರ್ ಸಾಕಾಯ್ತು. ಹಿಂದೆ ಒಂದು ಫ್ಯಾನ್ ಬೇರೆ. ಬೆಟ್ಟ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತೆ, ಆದರೆ ಕಾರು ನಿಧಾನ, ಎದುರುಗಾಳಿ ಕಮ್ಮಿ. ಅಲ್ಲಿ ಈ ಫ್ಯಾನೇ ಗತಿ.

35 ಅಶ್ವಶಕ್ತಿಯ ಆ ಕಾರು 1900ರ ಡಿಸೆಂಬರಿನಲ್ಲಿ ಯೆಲಿನೆಕ್ ಕೈ ಸೇರಿತು. ಮರುವರ್ಷ ಮಾರ್ಚಿನಲ್ಲಿ ಅದೇ ನೀಸ್, ಅದೇ ಲಾ ಟರ್ಬಿ ಬೆಟ್ಟ. ಚಾಲಕ ವಿಲ್ಹೆಲ್ಮ್ ವೆರ್ನರ್ (ಈ ಕಥೆಯಲ್ಲಿ ವಿಲ್ಹೆಲ್ಮ್‌ಗಳಿಗೆ ಬರವಿಲ್ಲ). ಬಾವರ್ ಸತ್ತ ಆ ಏರಿನಲ್ಲಿ ವೆರ್ನರ್ ಗಂಟೆಗೆ ಸರಾಸರಿ 51.4 ಕಿಲೋಮೀಟರ್ ವೇಗದಲ್ಲಿ ಹತ್ತಿದ. ಅದಕ್ಕೆ ಮುಂಚಿನ ದಾಖಲೆ 31.3. ಫ್ರೆಂಚರು ಬೆರಗಾದರು, ಮೈಬಾಖ್‌ನನ್ನು ವಿನ್ಯಾಸಕಾರರ ರಾಜ ಅಂತ ಕರೆದರು.

ಆದರೆ ಕಾರಿನ ಮೇಲೆ ಬಂದ ಹೆಸರು ಯೆಲಿನೆಕ್‌ನ ಪುಟ್ಟ ಮಗಳದು: ಮರ್ಸಿಡಿಸ್. ಕಂಪನಿಗೆ ಡೈಮ್ಲರ್ ಹೆಸರು ಮೊದಲೇ ಇತ್ತು. ಗೆಳೆಯನಿಲ್ಲದ ಕಂಪನಿಯಲ್ಲಿ ಮೈಬಾಖ್ ಮೂಲೆಗುಂಪಾಗುತ್ತಾ ಬಂದ, 1907ರಲ್ಲಿ ಹೊರನಡೆದ. ಆಗ ವಯಸ್ಸು ಅರವತ್ತೊಂದು. ಸುಮ್ಮನೆ ಕೂರಲಿಲ್ಲ. ಮಗ ಕಾರ್ಲ್ ಜೊತೆ ಸೇರಿ, ಝೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡುವ ಕಂಪನಿ 1909ರಲ್ಲಿ ಶುರುವಾಗುವಂತೆ ಮಾಡಿದ. ಮೈಬಾಖ್ ಹೆಸರಿನ ಕಾರು ರಸ್ತೆಗೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, ಅದೂ ಮಗನ ಕೈಯಿಂದ.

1929ರ ಡಿಸೆಂಬರ್ 29ರಂದು ಸ್ಟುಟ್‌ಗಾರ್ಟ್‌ನಲ್ಲಿ ಮೈಬಾಖ್ ತೀರಿಕೊಂಡ. ಕಾನ್‌ಸ್ಟಾಟ್‌ನ ಸ್ಮಶಾನದಲ್ಲಿ ಅವನ ಸಮಾಧಿ ಇದೆ, ಡೈಮ್ಲರ್‌ನದೂ ಅಲ್ಲೇ.