ಕಲ್ಲು ಮಣ್ಣಿನ ಕಥೆ ಓದಿದ ರಾಬರ್ಟ್ ಬ್ರೂಸ್ ಫೂಟ್

ಕರಾವಳಿಯಿಂದ ರಾಯಚೂರಿಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಬೋಳು ಕಲ್ಲುಬೆಟ್ಟಗಳು. ಯಾರೋ ಎತ್ತಿ ಜೋಡಿಸಿಟ್ಟಂತೆ ಒಂದರ ಮೇಲೊಂದು ನಿಂತ ದುಂಡು ಬಂಡೆಗಳು. ಇವನ್ನು ಜೋಡಿಸಿದ್ದು ಮನುಷ್ಯರಲ್ಲ. ಬಿಸಿಲು, ಮಳೆ ಮತ್ತು ಕಾಲ. ದಕ್ಷಿಣ ಭಾರತದ ಕಲ್ಲು, ಮಣ್ಣು, ನದಿಗಳ ಈ ಕಥೆಯನ್ನು ತಾಳ್ಮೆಯಿಂದ ಓದಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಇವರನ್ನು ಕರೆಯುತ್ತಾರೆ.

ಜನನ ಮತ್ತು ಸೇವೆ

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ, 1891ರವರೆಗೆ 33 ವರ್ಷ ದುಡಿದರು. ಅವರ ಕೆಲಸದ ಬಹುಭಾಗ ದಕ್ಷಿಣ ಭಾರತದಲ್ಲೇ ನಡೆಯಿತು. ಊರಿಂದೂರಿಗೆ ಸಾಗುತ್ತಾ ಬೆಟ್ಟ, ಹಳ್ಳ, ನದಿದಂಡೆಗಳನ್ನು ನೋಡಿ ನಕ್ಷೆ ಬರೆಯುವುದೇ ಆ ಕಾಲದ ಸರ್ವೇ.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಒಂದು ಗುಂಡಿಯಲ್ಲಿ ಅವರಿಗೆ ಮನುಷ್ಯ ಕೆತ್ತಿದ ಕಲ್ಲಿನ ಕೊಡಲಿ ಸಿಕ್ಕಿತು. ಅದು ನಮ್ಮ ಮುರಕಲ್ಲಿನ ಜಾತಿಯ ಕೆಂಪು ಜಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಅವರ ಜೊತೆಗೂಡಿ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಕಂಡರು. ಭಾರತದಲ್ಲಿ ಹಳೆ ಶಿಲಾಯುಗದ ಮಾನವ ಇದ್ದನೆಂಬುದಕ್ಕೆ ಇದೇ ಮೊದಲ ಗಟ್ಟಿ ಪುರಾವೆಯಾಯಿತು. ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಇಂಥ ವಸ್ತುಗಳು ಮಣ್ಣಿನಡಿ ಹೂತಿರುತ್ತವೆ. ಮಳೆನೀರು ಮೇಲಿನ ಮಣ್ಣನ್ನು ಕೊಚ್ಚಿದಾಗ, ಹಳ್ಳ ತನ್ನ ದಂಡೆಯನ್ನು ಕೊರೆದಾಗ ಅವು ಹೊರಗೆ ಬರುತ್ತವೆ. ನೆಲ ಸವೆಯುವ ರೀತಿ ತಿಳಿದಿದ್ದ ಫೂಟ್ ಅವರಿಗೆ ಎಲ್ಲಿ ಹುಡುಕಬೇಕೆಂಬುದೂ ತಿಳಿದಿತ್ತು.

ಎರಡು ನದಿಗಳ ನಡುವೆ

ಬೆಳಗಾವಿ, ಕಲಾದಗಿ ಹಾಗೂ ಸುತ್ತಲಿನ ಸೀಮೆಯ ಬಗ್ಗೆ ಫೂಟ್ ಬರೆದ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ರಾಯಚೂರು ಸೀಮೆ ಆಗ ನಿಜಾಮರ ಆಡಳಿತದಲ್ಲಿತ್ತು. ಅಲ್ಲಿನ ಮಸ್ಕಿಯನ್ನು ಫೂಟ್ 1870ರಲ್ಲಿ ಮತ್ತು 1888ರಲ್ಲಿ ಪರಿಶೀಲಿಸಿದರು. ಅಶೋಕನ ಹೆಸರು ಹೊತ್ತ ಶಾಸನ ಅದೇ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾಯಿತು. 1880ರ ದಶಕದಲ್ಲಿ ಅವರು ದಕ್ಷಿಣದ ಚಿನ್ನ ಹೊತ್ತ ಶಿಲೆಗಳನ್ನು ಗುರುತಿಸಿ ಧಾರವಾಡ ಶಿಲಾಸಮೂಹ ಎಂದು ಹೆಸರಿಟ್ಟರು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇರುವುದು ಇಂಥ ಶಿಲೆಯಲ್ಲೇ.

ಬಂಡೆಗಳು ದುಂಡಾಗುವುದು ಹೇಗೆ? ಗ್ರಾನೈಟ್ ಶಿಲೆ ಹುಟ್ಟುವುದು ನೆಲದ ಆಳದಲ್ಲಿ. ಮೇಲಿನ ಭಾರ ಸವೆದು ಹೋದಂತೆ ಅದು ಹಿಗ್ಗಿ ಪದರ ಪದರವಾಗಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಇಳಿದ ನೀರು ಕಲ್ಲಿನ ಒಂದು ಭಾಗವನ್ನು ಜೇಡಿಮಣ್ಣಾಗಿಸುತ್ತದೆ. ಮೂಲೆಗಳಿಗೆ ಎಲ್ಲ ಕಡೆಯಿಂದ ನೀರು ತಾಗುವುದರಿಂದ ಅವು ಮೊದಲು ಕೊಳೆಯುತ್ತವೆ. ಮೆತ್ತಗಾದದ್ದು ಮಳೆಗೆ ತೊಳೆದು ಹೋಗಿ ಒಳಗಿನ ಗಟ್ಟಿ ಗುಂಡು ಉಳಿಯುತ್ತದೆ. ಕೊಳೆಯದ ಬಿಳಿ ಹರಳುಗಳೇ ನದಿಯ ಮರಳು. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಅಷ್ಟು ದೊಡ್ಡ ಕಲ್ಲನ್ನು ಅಂದಿನ ಕಲ್ಲುಕುಟಿಗರು ಈ ಸೀಮೆಯ ಬೆಟ್ಟದಿಂದ ಎಬ್ಬಿಸಿದ್ದರು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅದಕ್ಕೇ ಇಲ್ಲಿ ಕಲ್ಲು ಆಳದವರೆಗೆ ಕೊಳೆತು ಮುರಕಲ್ಲಾಗಿದೆ. ರಾಯಚೂರಿನಲ್ಲಿ ಅದರ ಐದನೇ ಒಂದು ಪಾಲೂ ಸರಿಯಾಗಿ ಬೀಳದು. ಅಲ್ಲಿ ಬಂಡೆ ಬರಿಮೈಯಲ್ಲಿ ನಿಂತಿದೆ.

ಬೂದಿದಿಬ್ಬಗಳ ಗುಟ್ಟು

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಇವು ಜ್ವಾಲಾಮುಖಿಯಿಂದಾದವು ಎಂದು ಹಿಂದೆ ಕೆಲವರು ತಿಳಿದಿದ್ದರು. ಫೂಟ್ ಅವರು ಇದು ದನಕರು ಸಾಕಿದ ಪ್ರಾಚೀನರು ಸುಟ್ಟ ಸೆಗಣಿಯ ಬೂದಿ ಎಂದು ತೀರ್ಮಾನಿಸಿದರು. 1950ರ ದಶಕದಲ್ಲಿ ಎಫ್. ಆರ್. ಆಲ್ಚಿನ್ ಅವರು ನಡೆಸಿದ ಉತ್ಖನನ ಅವರ ಮಾತನ್ನು ಖಚಿತಪಡಿಸಿತು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆ ಹೊತ್ತರು. ಬಳ್ಳಾರಿ ಜಿಲ್ಲೆಯ ಬಗ್ಗೆ ಅವರ ಗ್ರಂಥ 1895ರಲ್ಲಿ ಬಂತು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರಕಾರಿ ಮ್ಯೂಸಿಯಂ ಕೊಂಡುಕೊಂಡಿತು. 1912ರ ಡಿಸೆಂಬರ್ 29ರಂದು ಫೂಟ್ ನಿಧನರಾದರು. ಸಂಗ್ರಹದ ವಿವರಗಳ ಎರಡು ಸಂಪುಟಗಳು ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ ಅಚ್ಚಾದವು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಇಂದು ನಮಗೇನು?

ಫೂಟ್ ಓದಿದ ಕಥೆ ಮುಗಿದಿಲ್ಲ. ಬೆರಳಷ್ಟು ದಪ್ಪದ ಮಣ್ಣು ಆಗಲು ನೂರಾರು ವರ್ಷ ಬೇಕು. ಹೋಗಲು ಒಂದು ರಾತ್ರಿಯ ಜಡಿಮಳೆ ಸಾಕು. 2009ರ ಸೆಪ್ಟೆಂಬರ್ ಕೊನೆಗೆ ಮತ್ತು ಅಕ್ಟೋಬರ್ ಮೊದಲಿಗೆ ಬಂದ ನೆರೆಯಲ್ಲಿ ಮಂತ್ರಾಲಯ ಮುಳುಗಿತು. ರಾಯಚೂರು ಜಿಲ್ಲೆಯ ನದಿದಂಡೆಯ ಜನ ಮನೆ, ಹೊಲ ಕಳೆದುಕೊಂಡರು. ದೇವದುರ್ಗದ ಹೂವಿನಹೆಡಗಿ ಸೇತುವೆಯ ಮೇಲೆ ಕೃಷ್ಣೆ ಹರಿದು ಸಂಚಾರ ನಿಲ್ಲುವುದು ಆ ಭಾಗದವರಿಗೆ ಹೊಸದಲ್ಲ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? 1953ರಲ್ಲಿ ತುಂಗಭದ್ರಾ ಜಲಾಶಯ ತುಂಬತೊಡಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿ ಅದೀಗ ಸುಮಾರು 105 ಟಿಎಂಸಿಗೆ ಇಳಿದಿದೆ. ಮೇಲಿನ ಹೊಲದವರು ಮಣ್ಣು ಕಳೆದುಕೊಂಡರೆ, ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ಕಡೆಯ ರೈತರು ನೀರು ಕಳೆದುಕೊಳ್ಳುತ್ತಾರೆ. ಒಂದೇ ಸವೆತಕ್ಕೆ ಎರಡು ಕಡೆ ನಷ್ಟ.

ನಮ್ಮ ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಇದು ದೂರದ ಮಾತಲ್ಲ. ನದಿ ತರುವ ಮರಳೇ ಕಡಲತೀರಕ್ಕೆ ಆಸರೆ. ಹೊಲಕ್ಕೊಂದು ಒಡ್ಡು, ಹಳ್ಳದ ದಂಡೆಗೆ ನಾಲ್ಕು ಮರ, ನದಿಯಲ್ಲಿ ಮರಳಿಗೆ ಮಿತಿ – ಇವು ಸಣ್ಣ ಕೆಲಸಗಳೇ. ಆದರೆ ನೀರೂ ಹನಿ ಹನಿಯಾಗಿಯೇ ಬೆಟ್ಟವನ್ನು ಕರಗಿಸಿತು. ಅದನ್ನು ಕಣ್ಣಿಟ್ಟು ನೋಡಲು ಕಲಿಸಿದವರಲ್ಲಿ ಒಬ್ಬರೆಂದು ಫೂಟ್ ಅವರನ್ನು ನೆನೆಯೋಣ.