ತಪ್ಪು ಕ್ವೆರಿಗೆ ಬಾಗಿಲು ಮುಚ್ಚಲು ಹೊರಟ ಎಡ್ಗರ್ ಕಾಡ್

ಈ ವರ್ಷ ಮಧ್ಯವಾರ್ಷಿಕ ಪರೀಕ್ಷೆಗೆ ಮುಂಚೆ ಲೈಬ್ರರಿಗೆ ಪುಸ್ತಕ ಹಿಂದಿರುಗಿಸದವರ ಪಟ್ಟಿ ಮಾಡಿಕೊಡುವ ಕೆಲಸ ನನಗೆ ಸಿಕ್ಕಿತ್ತು. ಎಸ್‌ಕ್ಯುಎಲ್ ಪಾಠ ಆಗಷ್ಟೇ ಮುಗಿದಿತ್ತು, ಹುಮ್ಮಸ್ಸೂ ಇತ್ತು. ಒಂದು ಟೇಬಲ್‌ನಲ್ಲಿ ಸದಸ್ಯರ ಸಂಖ್ಯೆ ಮತ್ತು ಹೆಸರು. ಇನ್ನೊಂದರಲ್ಲಿ ಪುಸ್ತಕ ಕೊಟ್ಟ ದಾಖಲೆಯ ಕ್ರಮಸಂಖ್ಯೆ, ಪಡೆದವರ ಸದಸ್ಯ ಸಂಖ್ಯೆ, ಹಿಂದಿರುಗಿಸಿದ ದಿನಾಂಕ. ಎರಡನ್ನೂ ಜೋಡಿಸುವಾಗ ಸದಸ್ಯ ಸಂಖ್ಯೆಯನ್ನು ಸದಸ್ಯ ಸಂಖ್ಯೆಯೊಂದಿಗೆ ಹೋಲಿಸಬೇಕಿತ್ತು. ನಾನು ದಾಖಲೆಯ ಕ್ರಮಸಂಖ್ಯೆಯೊಂದಿಗೆ ಹೋಲಿಸಿಬಿಟ್ಟೆ. ಎರಡೂ 1, 2, 3 ಎಂದು ಸಾಗುವ ಪೂರ್ಣಾಂಕಗಳೇ ಆದ್ದರಿಂದ ಕಂಪ್ಯೂಟರ್ ತಕರಾರು ತೆಗೆಯಲಿಲ್ಲ. ಅಚ್ಚುಕಟ್ಟಾದ ಪಟ್ಟಿಯೊಂದು ಬಂತು, ನೋಟಿಸ್ ಬೋರ್ಡಿಗೂ ಏರಿತು.

ಮರುದಿನ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಲೈಬ್ರರಿಯ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ಅವಳ ಹತ್ತಿರ ಒಂದು ಪುಸ್ತಕವೂ ಬಾಕಿ ಇರಲಿಲ್ಲ. ಪರೀಕ್ಷೆಗೆ ಕೂರಿಸುವುದಿಲ್ಲವೇನೋ ಎಂಬ ಹೆದರಿಕೆಯಲ್ಲಿ ರಾತ್ರಿಯಿಡೀ ಓದಿರಲಿಲ್ಲ. ಪಟ್ಟಿಯನ್ನು ಕಿತ್ತು, ಅವಳ ಕ್ಷಮೆ ಕೇಳಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಅಲ್ಪವಿರಾಮ ತಪ್ಪಿದರೆ ಕೂಗಾಡುವ ಕಂಪ್ಯೂಟರ್, ಇಷ್ಟು ದೊಡ್ಡ ತಪ್ಪಿಗೆ ಸುಮ್ಮನಿದ್ದುದೇಕೆ? ಇದನ್ನು ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಹತ್ತಿರ ಕೇಳಿದಾಗ ಅವರು ಎಡ್ಗರ್ ಕಾಡ್ ಅವರ ಬಗ್ಗೆ ಓದಲು ಹೇಳಿದರು. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎಡ್ಗರ್ ಫ್ರಾಂಕ್ ಕಾಡ್ 1923ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ಎಂಬಲ್ಲಿ ಹುಟ್ಟಿದರು. ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿ ವಿಮಾನ ಹಾರಿಸಿದರು. 1948ರಲ್ಲಿ ಅಮೆರಿಕಕ್ಕೆ ಹೋದ ಅವರು ಸ್ವಲ್ಪ ಸಮಯದಲ್ಲೇ ಐಬಿಎಂ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಗಣಿತಜ್ಞರಾದರು.

ಆಗ ಅಮೆರಿಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಜನರನ್ನು ಬೇಟೆಯಾಡುತ್ತಿದ್ದ ಕಾಲ. ಇದಕ್ಕೆ ಬೇಸತ್ತ ಕಾಡ್ 1953ರಲ್ಲಿ ಕೆನಡಾಕ್ಕೆ ಹೊರಟುಹೋದರು. ಕೆಲವು ವರ್ಷಗಳ ನಂತರ ಮತ್ತೆ ಐಬಿಎಂಗೆ ಬಂದರು. ನಲವತ್ತು ದಾಟಿದ ಮೇಲೆ, 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಂಕ ಕಡಿಮೆ ಬಂತೆಂದು ಹದಿನೇಳಕ್ಕೇ ಎಲ್ಲ ಮುಗಿಯಿತು ಎಂದುಕೊಳ್ಳುವ ನಮಗೆ ಇದೂ ಒಂದು ಪಾಠವೇ.

ಆ ಕಾಲದ ಡೇಟಾಬೇಸ್‌ಗಳು ನಾವು ಲ್ಯಾಬಿನಲ್ಲಿ ನೋಡುವಂಥವಲ್ಲ. ಮಾಹಿತಿಯನ್ನು ಮರದ ಕೊಂಬೆಗಳಂತೆಯೋ ಬಲೆಯಂತೆಯೋ ಜೋಡಿಸಿಡುತ್ತಿದ್ದರು. ಏನಾದರೂ ಬೇಕಾದರೆ ಯಾವ ದಾರಿಯಲ್ಲಿ ಹೋಗಿ ಹುಡುಕಬೇಕೆಂಬುದನ್ನೂ ಪ್ರೋಗ್ರಾಂನಲ್ಲೇ ಬರೆಯಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಂ ಕೆಡುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಕಾಡ್, 1969ರಲ್ಲಿ ಕಂಪನಿಯ ಒಳಗಿನ ವರದಿಯಾಗಿ, 1970ರ ಜೂನ್‌ನಲ್ಲಿ ಎಲ್ಲರೂ ಓದುವ ಲೇಖನವಾಗಿ ಹೊಸದೊಂದು ದಾರಿ ತೋರಿಸಿದರು. ಮಾಹಿತಿಯನ್ನೆಲ್ಲ ಸರಳ ಟೇಬಲ್‌ಗಳಾಗಿ ಇಡೋಣ, ಏನು ಬೇಕು ಎಂಬುದನ್ನಷ್ಟೇ ನಾವು ಹೇಳೋಣ, ಹೇಗೆ ಹುಡುಕುವುದು ಎಂಬುದು ಕಂಪ್ಯೂಟರಿನ ಕೆಲಸವಾಗಲಿ ಎಂಬುದು ಅದರ ತಿರುಳು. ನಾವು ಕಲಿಯುವ ರಿಲೇಷನಲ್ ಮಾದರಿ ಇದೇ.

ನನ್ನ ಪ್ರಶ್ನೆಗೆ ಉತ್ತರವೂ ಆ ಲೇಖನದಲ್ಲೇ ಇತ್ತು. ಅದು ಡೊಮೇನ್. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿ ನಾನು ಮರೆತಿದ್ದ ಪದ. ಟೇಬಲ್‌ನ ಪ್ರತಿ ಕಾಲಂ ಯಾವುದೋ ಒಂದು ಡೊಮೇನ್‌ಗೆ ಸೇರಿರುತ್ತದೆ. ಡೊಮೇನ್ ಎಂದರೆ ಬರೀ ಪೂರ್ಣಾಂಕ, ಬರೀ ಅಕ್ಷರ ಎಂದಲ್ಲ. ಆ ಬೆಲೆಗಳು ಯಾವುದನ್ನು ಹೇಳುತ್ತವೆ ಎಂಬುದು. ಕಾಡ್ ಕೊಟ್ಟ ಉದಾಹರಣೆಯಲ್ಲಿ ಸರಬರಾಜುದಾರ, ಬಿಡಿಭಾಗ, ಯೋಜನೆ, ಪ್ರಮಾಣ ಎಂಬ ನಾಲ್ಕು ಕಾಲಂಗಳಿವೆ. ನಾಲ್ಕರಲ್ಲೂ ಸಂಖ್ಯೆಗಳೇ ಇದ್ದರೂ ನಾಲ್ಕೂ ಬೇರೆ ಬೇರೆ ಡೊಮೇನ್‌ಗಳು. ಎರಡು ಟೇಬಲ್‌ಗಳನ್ನು ಜೋಡಿಸಬೇಕಾದರೆ ಅವೆರಡಕ್ಕೂ ಸಮಾನವಾದ ಡೊಮೇನ್ ಇರಬೇಕು. ಆ ಲೆಕ್ಕದಲ್ಲಿ ಸದಸ್ಯ ಸಂಖ್ಯೆಯನ್ನು ದಾಖಲೆಯ ಕ್ರಮಸಂಖ್ಯೆಗೆ ಹೋಲಿಸಿದ ನನ್ನ ಕ್ವೆರಿ ಓಡಲೇಬಾರದಿತ್ತು.

ಹಾಗಾದರೆ ಓಡಿದ್ದೇಕೆ? ಕಾಡ್ ಅವರ ಮಾದರಿಯ ಮೇಲೆ ಎಸ್‌ಕ್ಯುಎಲ್ ಭಾಷೆಯನ್ನು ಕಟ್ಟಿದವರು ಐಬಿಎಂನ ಇತರರು. ಅದರಲ್ಲಿ ಡೊಮೇನ್‌ನ ಜಾಗದಲ್ಲಿ ಉಳಿದದ್ದು ಪೂರ್ಣಾಂಕ, ಅಕ್ಷರ, ದಿನಾಂಕದಂಥ ಸ್ಥೂಲ ಟೈಪ್‌ಗಳು ಮಾತ್ರ. ಅವುಗಳ ತಪಾಸಣೆಯೂ ಎಲ್ಲೆಡೆ ಒಂದೇ ತರಹ ಇಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಹೆಸರಿನ ಕಾಲಂ ಸೊನ್ನೆಗೆ ಸಮವೇ ಎಂದು ಕೇಳಿ ನೋಡಿ. ಅದು ಹೆಸರನ್ನೂ ಸಂಖ್ಯೆಯಾಗಿ ಬದಲಿಸಲು ಹೋಗಿ, ಆಗದೆ ಸೊನ್ನೆ ಎಂದೇ ತಿಳಿದು, ಹೆಸರುಗಳನ್ನೆಲ್ಲ ತಂದು ಸುರಿಯುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಅಂಥ ಹೋಲಿಕೆಯನ್ನು ಓಡಿಸುವ ಮೊದಲೇ ನಿರಾಕರಿಸುತ್ತದೆ.

ಓಡಿಸುವ ಮೊದಲೇ ಅದಕ್ಕೆ ತಿಳಿಯುವುದು ಹೇಗೆ? ಕ್ವೆರಿಯಲ್ಲಿ ನಾವು ಯಾವುದರ ಟೈಪ್ ಏನೆಂದು ಬರೆಯುವುದಿಲ್ಲ. ಆದರೆ ಟೇಬಲ್ ಮಾಡುವಾಗಲೇ ಪ್ರತಿ ಕಾಲಂನ ಟೈಪ್ ಹೇಳಿರುತ್ತೇವೆ. ಅದನ್ನು ಹಿಡಿದು ಹಂತ ಹಂತವಾಗಿ ಊಹಿಸಬಹುದು: ದಿನಾಂಕದಿಂದ ದಿನಾಂಕ ಕಳೆದರೆ ದಿನಗಳು, ಎಣಿಸಿದರೆ ಸಂಖ್ಯೆ, ಹೋಲಿಸುವಾಗ ಎರಡೂ ಬದಿ ಒಂದೇ ಟೈಪ್. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ತಪ್ಪಿದೆ. ಇದಕ್ಕೆ ಟೈಪ್ ಇನ್‌ಫರೆನ್ಸ್ ಎನ್ನುತ್ತಾರೆ. ಇದರ ಬೇರು ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರ್ರಿ ಅವರ ಕೆಲಸದಲ್ಲಿದೆ. ಕಾಡ್ ತಮ್ಮ ಮಾದರಿಯ ವರದಿ ಬರೆದ 1969ರಲ್ಲೇ ರೋಜರ್ ಹಿಂಡ್ಲಿ ಇದರ ಬಗ್ಗೆ ಮುಖ್ಯ ಲೇಖನ ಪ್ರಕಟಿಸಿದರು. 1978ರಲ್ಲಿ ರಾಬಿನ್ ಮಿಲ್ನರ್ ಅದನ್ನು ಪ್ರೋಗ್ರಾಮಿಂಗ್ ಭಾಷೆಗೆ ಒಗ್ಗಿಸಿದರು. ಇಂದು ಕರ್ರಿ ಅವರ ಹೆಸರನ್ನೇ ಹೊತ್ತ ಹ್ಯಾಸ್ಕೆಲ್ ಭಾಷೆಯಲ್ಲಿ, ಸದಸ್ಯ ಸಂಖ್ಯೆಗೂ ದಾಖಲೆ ಸಂಖ್ಯೆಗೂ ಬೇರೆ ಬೇರೆ ಟೈಪ್ ಕೊಟ್ಟು ಕ್ವೆರಿ ಬರೆಯಬಹುದು. ಹಾಗೆ ಬರೆದಿದ್ದರೆ ನನ್ನ ತಪ್ಪು ನೋಟಿಸ್ ಬೋರ್ಡ್ ಮುಟ್ಟುತ್ತಲೇ ಇರಲಿಲ್ಲ.

ಕಾಡ್ ಅವರ ದಾರಿ ಸುಗಮವಾಗಿರಲಿಲ್ಲ. ಹಳೆಯ ಮಾದರಿಯ ಡೇಟಾಬೇಸ್ ಮಾರುತ್ತಿದ್ದ ಅವರದೇ ಕಂಪನಿ ಹೊಸದನ್ನು ಮಾರುಕಟ್ಟೆಗೆ ತರಲು ಹತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. ಅಷ್ಟರಲ್ಲಿ ಬೇರೆಯವರು ತಂದಾಗಿತ್ತು. 1981ರಲ್ಲಿ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಪ್ರಶಸ್ತಿ ಬಂತೆಂದು ಅವರು ಸುಮ್ಮನಾಗಲಿಲ್ಲ. ಹೆಸರಿಗೆ ಮಾತ್ರ ರಿಲೇಷನಲ್ ಆಗಿದ್ದ ಸಾಫ್ಟ್‌ವೇರ್‌ಗಳನ್ನು ಅಳೆಯಲು 1985ರಲ್ಲಿ ನಿಯಮಗಳನ್ನು ಪ್ರಕಟಿಸಿದರು. 1990ರ ಪುಸ್ತಕದಲ್ಲಿ ಡೊಮೇನ್ ತಪಾಸಣೆ ಬೇಕೇಬೇಕೆಂದು ಮತ್ತೆ ಹಟ ಹಿಡಿದರು. ಬೇರೆ ಬೇರೆ ಡೊಮೇನ್‌ಗಳನ್ನು ಹೋಲಿಸುವ ಅಗತ್ಯ ನಿಜವಾಗಿ ಬಂದರೆ, ಅನುಮತಿ ಇರುವವರು, ಗೊತ್ತಿದ್ದೇ ಮಾಡುತ್ತಿದ್ದೇನೆಂದು ಕ್ವೆರಿಯಲ್ಲೇ ಬರೆದು ಮಾಡಬೇಕು ಎಂಬುದು ಅವರ ನಿಲುವು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 79 ವರ್ಷ.

ಬ್ಯಾಂಕ್ ಖಾತೆ, ರೇಷನ್ ಕಾರ್ಡ್, ವಿದ್ಯಾರ್ಥಿವೇತನ ಎಲ್ಲವೂ ಇಂದು ಟೇಬಲ್‌ಗಳಲ್ಲಿವೆ. ಪ್ರತಿ ಸಾಲಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಇನ್ನೊಬ್ಬರ ಮಾಹಿತಿ ನಮ್ಮ ಕೈಗೆ ಬಂದರೆ ಅದು ಅಮಾನತ್. ಅಮಾನತನ್ನು ಕಾಪಾಡುವುದು ಎಂದರೆ ಕದಿಯದಿರುವುದಷ್ಟೇ ಅಲ್ಲ, ಕೆಡದಂತೆ ನೋಡಿಕೊಳ್ಳುವುದು ಕೂಡ. ಕಂಪ್ಯೂಟರ್ ಎರರ್ ತೋರಿಸಿದರೆ ನಾನು ಮೊದಲು ಸಿಡಿಮಿಡಿಗೊಳ್ಳುತ್ತಿದ್ದೆ. ಈಗ ಎರರ್ ಬಾರದಿದ್ದಾಗಲೇ ಇನ್ನೊಮ್ಮೆ ನೋಡುತ್ತೇನೆ. ಆ ಹುಡುಗಿಯ ಹೆಸರಿರುವ ಸಾಲನ್ನು ಮೊದಲು ನೋಡುತ್ತೇನೆ.