ಬೆಂಕಿಯೊಡನೆ ಬಾಳಿದ ಆಲ್‌ಫ್ರೆಡ್ ನೊಬೆಲ್

ನೊಬೆಲ್ ಎಂಬ ಹೆಸರು ಕೇಳಿದೊಡನೆ ನಮ್ಮಂಥ ಕಲಾವಿಭಾಗದ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಹುಮಾನ. 1913ರಲ್ಲಿ ರವೀಂದ್ರನಾಥ ಠಾಕೂರರಿಗೂ 1930ರಲ್ಲಿ ಸರ್ ಸಿ. ವಿ. ರಾಮನ್ ಅವರಿಗೂ ಅದು ಸಂದಿತೆಂದು ಬಲ್ಲೆವು. ಅದನ್ನು ಇಟ್ಟವನ ಬಾಳನ್ನು ಬಲ್ಲವರು ಕಡಮೆ. ನಾನೂ ಬಲ್ಲವನಾಗಿರಲಿಲ್ಲ. ಅವನ ಚರಿತ್ರೆಯ ಕಡೆಗೆ ನನ್ನನ್ನು ತಿರುಗಿಸಿದ್ದು ಒಂದು ಬಕೀಟು ಮರಳು.

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಗ ಒಂದು ದಿನ ಪ್ರಯೋಗಶಾಲೆಯಲ್ಲಿ ನನ್ನ ಕೈತಪ್ಪಿ ಸ್ಪಿರಿಟ್ಟಿನ ಸೀಸೆ ಮಗುಚಿತು. ಯಾರೂ ನೋಡುವ ಮುನ್ನ ಚಿಂದಿಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮೇಜಿನ ಕೆಳಗಿನ ಕಸದ ಡಬ್ಬಿಗೆ ಹಾಕಿ ಸುಮ್ಮನಾದೆ. ಪಕ್ಕದವನು ದೀಪ ಹೊತ್ತಿಸಿ ಕಡ್ಡಿಯನ್ನು ಅದೇ ಡಬ್ಬಿಗೆ ಎಸೆದ. ಭಗ್ಗನೆ ಉರಿ ಎದ್ದಿತು. ಅಟೆಂಡರು ಗಾಬರಿಯಾಗದೆ ಮೂಲೆಯಲ್ಲಿದ್ದ ಬಕೀಟಿನ ಮರಳನ್ನು ತಂದು ಸುರಿದರು, ಬೆಂಕಿ ಆರಿತು. ಅವರು ನನ್ನನ್ನು ಬಯ್ಯಲಿಲ್ಲ. ಚೆಲ್ಲಿದ್ದಕ್ಕಿಂತ ಚೆಲ್ಲಿದ್ದನ್ನು ಮುಚ್ಚಿಟ್ಟದ್ದೇ ದೊಡ್ಡ ತಪ್ಪೆಂದು ಹೇಳಿ ಹೋದರು. ಮುಂದೆ ನೊಬೆಲನ ಕಥೆಯನ್ನು ಓದಿದಾಗ ಆ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ನೊಬೆಲ್ ಹುಟ್ಟಿದ್ದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, 1833ರ ಅಕ್ಟೋಬರ್ 21ರಂದು. ತಂದೆ ಇಮಾನುಯೆಲ್ ಯಂತ್ರಕುಶಲಿ. ಸಂಸಾರ 1842ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಯಿತು. ಹುಡುಗ ಮನೆಯಲ್ಲಿಯೇ ಪಾಠ ಹೇಳಿಸಿಕೊಂಡು ಹಲವು ಭಾಷೆಗಳನ್ನು ಕಲಿತ. ಕವಿತೆಯ ಹುಚ್ಚೂ ಇತ್ತು. ಆದರೆ ರಸಾಯನಶಾಸ್ತ್ರ ಅವನನ್ನು ಸೆಳೆಯಿತು.

1847ರಲ್ಲಿ ಇಟಲಿಯ ಸೊಬ್ರೆರೊ ಎಂಬ ವಿಜ್ಞಾನಿ ನೈಟ್ರೋಗ್ಲಿಸರಿನ್ನನ್ನು ಕಂಡುಹಿಡಿದಿದ್ದ. ನೋಡಲು ಎಣ್ಣೆಯಂಥ ದ್ರವ. ಸಣ್ಣ ಪೆಟ್ಟು ಬಿದ್ದರೂ ಸಿಡಿಯಬಲ್ಲದು. ಅದನ್ನು ಕಂಡುಹಿಡಿದವನೇ ಅದಕ್ಕೆ ಹೆದರಿದ. ನೊಬೆಲ್ ಹೆದರಲಿಲ್ಲ. ಬಂಡೆ ಒಡೆಯಲು, ಸುರಂಗ ಕೊರೆಯಲು ಇದಕ್ಕಿಂತ ಮಿಗಿಲಾದದ್ದಿಲ್ಲವೆಂದು ಕಂಡು ಅದನ್ನು ಬೇಕೆಂದಾಗ ಸಿಡಿಸುವ ಉಪಾಯವನ್ನು 1863ರ ಹೊತ್ತಿಗೆ ಸಾಧಿಸಿದ. ಬೇಡವೆಂದಾಗ ಸಿಡಿಯದಂತೆ ಮಾಡುವುದು ಮಾತ್ರ ಇನ್ನೂ ತಿಳಿದಿರಲಿಲ್ಲ.

1864ರ ಸೆಪ್ಟೆಂಬರ್ 3ರಂದು ಸ್ಟಾಕ್‌ಹೋಮಿನ ಹೆಲೆನೆಬೋರ್ಗಿನಲ್ಲಿದ್ದ ಅವನ ಕಾರ್ಯಾಗಾರ ಸಿಡಿಯಿತು. ಸತ್ತವರಲ್ಲಿ ಅವನ ತಮ್ಮ ಎಮಿಲನೂ ಒಬ್ಬ, ವಯಸ್ಸು 20. ಕೆಲವು ತಿಂಗಳಲ್ಲಿ ತಂದೆಗೆ ಪಾರ್ಶ್ವವಾಯು ಬಡಿಯಿತು. ಊರೊಳಗೆ ಆ ಎಣ್ಣೆಯನ್ನು ಮಾಡಕೂಡದೆಂದು ಸರ್ಕಾರ ತಡೆದಾಗ ನೊಬೆಲ್ ಮೆಲಾರೆನ್ ಸರೋವರದಲ್ಲಿ ದೋಣಿಯ ಮೇಲೆ ಕೆಲಸ ಮುಂದುವರಿಸಿದ.

ಇಲ್ಲಿಯವರೆಗೆ ಅವನ ಧೈರ್ಯವನ್ನು ಮೆಚ್ಚಬಹುದು. ಮುಂದಿನ ಎರಡು ವರ್ಷಗಳ ಸಂಗತಿಯನ್ನು ಮೆಚ್ಚಲು ನನಗೆ ಮನಸ್ಸಾಗುವುದಿಲ್ಲ. ತಮ್ಮನನ್ನು ಕಳೆದುಕೊಂಡ ಮೇಲೂ ಆ ದ್ರವ ದ್ರವವಾಗಿಯೇ ದೇಶದೇಶಗಳಿಗೆ ಹೋಯಿತು. ಡಬ್ಬಿಗಳು ಸೋರಿದವು. ಹೊತ್ತವರಿಗೆ ತಾವು ಹೊರುತ್ತಿರುವುದೇನೆಂದು ತಿಳಿಯದು. 1866ರ ಏಪ್ರಿಲಿನಲ್ಲಿ ಪನಾಮದ ಬಂದರಿನಲ್ಲಿ ಹಡಗೊಂದು ಸಿಡಿಯಿತು. ಅದೇ ತಿಂಗಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೋರುತ್ತಿದ್ದ ಪೆಟ್ಟಿಗೆಯನ್ನು ಬಿಚ್ಚಲು ಹೋದವರು ಕಟ್ಟಡದೊಂದಿಗೆ ನಾಶವಾದರು. ಜರ್ಮನಿಯ ಕ್ರುಮ್ಮೆಲಿನಲ್ಲಿದ್ದ ಅವನ ಕಾರ್ಖಾನೆಯೂ ಆ ವರ್ಷ ಹಾರಿಹೋಯಿತು. ಅಪಾಯವನ್ನು ಬಲ್ಲವನು ಅದನ್ನು ಅರಿಯದವರ ಕೈಗೆ ಕೊಡುವಾಗ ಅವನ ಹೊಣೆ ಎಷ್ಟು ದೊಡ್ಡದೆಂಬುದನ್ನು ಈ ಸಾವುಗಳು ಹೇಳುತ್ತವೆ.

ನೊಬೆಲ್ ಕೊನೆಗೆ ಹಿಡಿದ ದಾರಿ ಸರಳವಾದದ್ದು: ಸೋರುವುದನ್ನು ಹೀರಿಸಿಬಿಡುವುದು. ಇದ್ದಿಲು, ಮರದ ಹೊಟ್ಟು, ಇಟ್ಟಿಗೆಯ ಪುಡಿ ಮೊದಲಾದವನ್ನು ಪರೀಕ್ಷಿಸಿ ಕೀಸೆಲ್‌ಗೂರ್ ಎಂಬ ಹಗುರವಾದ ಮಣ್ಣನ್ನು ಆರಿಸಿಕೊಂಡ. ನೀರಿನಲ್ಲಿ ಬಾಳಿ ಸತ್ತ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದಾದ ಈ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಂದು ಪಾಲು ಮಣ್ಣು ಮೂರು ಪಾಲು ಎಣ್ಣೆಯನ್ನು ಹೀರಿ ಕಣಕದಂತಾಗುತ್ತದೆ, ಪೆಟ್ಟಿಗೆ ಬೆದರದು. 1867ರಲ್ಲಿ ಇದಕ್ಕೆ ಡೈನಮೈಟ್ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಒಡೆದ ಡಬ್ಬಿಯಿಂದ ಸೋರಿದ್ದು ತಾನಾಗಿ ಮಣ್ಣಿಗೆ ಇಂಗಿದ್ದನ್ನು ಕಂಡು ಅವನಿಗೆ ಇದು ಹೊಳೆಯಿತೆಂಬ ಕಥೆ ಪ್ರಚಾರದಲ್ಲಿದೆ. ಅವನು ಇದನ್ನು ಅಲ್ಲಗಳೆದಿದ್ದ. ಅದೃಷ್ಟದಿಂದಲ್ಲ, ಹುಡುಕಿ ಪಡೆದದ್ದು.

ಮುಂದೆ ಸ್ಕಾಟ್ಲೆಂಡಿನ ಆರ್ಡೀರಿನ ಮರಳುದಿಬ್ಬಗಳ ನಡುವೆ ಎದ್ದ ಅವನ ಕಾರ್ಖಾನೆಯಲ್ಲಿ ಎಚ್ಚರವೇ ಪದ್ಧತಿಯಾಯಿತು. ಕೆಲಸದ ಗುಡಿಸಲುಗಳು ದೂರ ದೂರ; ನಡುವೆ ಮಣ್ಣಿನ ಒಡ್ಡು. ಒಳಗೆ ಬೆಂಕಿಕಡ್ಡಿ ಒಯ್ಯುವಂತಿಲ್ಲ. ಉಷ್ಣಮಾಪಕವನ್ನು ಕಾಯುವವನಿಗೆ ಒಂದೇ ಕಾಲಿನ ಮಣೆ, ತೂಕಡಿಸಿದರೆ ಬೀಳುತ್ತಾನೆ! ಒಬ್ಬನ ನಿದ್ದೆ ಎಲ್ಲರ ಪ್ರಾಣಕ್ಕೆ ಎರವಾಗಬಾರದಷ್ಟೆ.

355 ಹಕ್ಕುಪತ್ರಗಳನ್ನು ಪಡೆದ ಈ ಮನುಷ್ಯ ಮದುವೆಯಾಗದೆ, ಊರೂರು ಅಲೆದು, 1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊದಲ್ಲಿ ತೀರಿಕೊಂಡ. ಹಿಂದಿನ ವರ್ಷವೇ ಬರೆದಿಟ್ಟಿದ್ದ ಉಯಿಲಿನಂತೆ 1901ರಿಂದ ಬಹುಮಾನಗಳು ಸಲ್ಲತೊಡಗಿದವು.

ಬಹುಮಾನ ನಮ್ಮಲ್ಲಿ ಎಷ್ಟು ಜನಕ್ಕೆ ಬಂದೀತೋ ಕಾಣೆ. ಆದರೆ ಪ್ರಯೋಗಶಾಲೆಯಲ್ಲಾಗಲಿ, ಬಣ್ಣದ ಅಂಗಡಿಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ ಉರಿಯುವ ದ್ರವ ಯಾರ ಕೈಯಿಂದಲಾದರೂ ಚೆಲ್ಲೀತು. ಆಗ ಮೊದಲು ಕೂಗಿ ಎಲ್ಲರಿಗೂ ತಿಳಿಸಬೇಕು, ಹತ್ತಿರದ ದೀಪಗಳನ್ನು ಆರಿಸಬೇಕು, ಕಿಟಕಿ ತೆರೆಯಬೇಕು. ಒಣಮರಳನ್ನು ಸುರಿದು ಹೀರಿಸಿ, ಬಳಿದು, ಮುಚ್ಚಳವಿರುವ ಡಬ್ಬಿಗೆ ತುಂಬಿ, ಹೊರಗೆ ಬೇರೆಯಾಗಿ ಇಡಬೇಕು. ಚರಂಡಿಗೆ ಬಿಡಬಾರದು, ಕಸದ ಡಬ್ಬಿಗಂತೂ ಹಾಕಲೇಬಾರದು. ನೈಟ್ರಿಕ್ ಆಮ್ಲ ಚೆಲ್ಲಿದಲ್ಲಿ ಮರದ ಹೊಟ್ಟು ಹಾಕಿದರೆ ಹೊಟ್ಟೇ ಹೊತ್ತಿಕೊಂಡೀತು. ಆದ್ದರಿಂದ ಯಾವುದಕ್ಕೆ ಯಾವುದೆಂದು ಮೊದಲೇ ಕೇಳಿ ತಿಳಿದಿರಬೇಕು.

ಈಗ ನಾನು ಇತಿಹಾಸದ ವಿದ್ಯಾರ್ಥಿ. ಪ್ರಯೋಗಶಾಲೆಯ ಮುಂದೆ ಹಾದುಹೋಗುವಾಗ ಮಾತ್ರ ಬಾಗಿಲ ಬಳಿಯ ಕೆಂಪು ಬಕೀಟಿನಲ್ಲಿ ಮರಳಿದೆಯೋ, ಕಾಗದದ ಚೂರುಗಳಿವೆಯೋ ಎಂದು ಇಣಿಕಿ ನೋಡುವ ಅಭ್ಯಾಸ ಬಿಟ್ಟಿಲ್ಲ.